ಮಾನಸಿಕ ಒತ್ತಡ ಮತ್ತು ನಿದ್ದೆಯ ಗುಣಮಟ್ಟ: ತಿರುಮಣಿ ಸೀಮೆಯ ನೆಲೆಯಿಂದ

ಎದುರಿಗಿರುವ ಹೊಣೆಯನ್ನೋ ಅಪಾಯವನ್ನೋ ನಿಭಾಯಿಸಲು ತನ್ನಲ್ಲಿರುವ ಶಕ್ತಿ, ಹಣ, ಸಮಯ ಸಾಲದು ಎಂದು ಮನಸ್ಸು ಲೆಕ್ಕ ಹಾಕಿದಾಗ ಹುಟ್ಟುವ ಸ್ಥಿತಿ ಮಾನಸಿಕ ಒತ್ತಡ. ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಅದನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದರು. ನಿದ್ದೆಯ ಗುಣಮಟ್ಟ ಎಂಬ ಮಾತು ಎಷ್ಟು ಹೊತ್ತು ಮಲಗಿದ್ದೆವು ಎಂಬುದಕ್ಕಿಂತ ಹೆಚ್ಚಿನದನ್ನು ಒಳಗೊಳ್ಳುತ್ತದೆ: ಎಷ್ಟು ಬೇಗ ಕಣ್ಣು ಹತ್ತಿತು, ಎಷ್ಟು ಸಲ ಎಚ್ಚರವಾಯಿತು, ಗಾಢನಿದ್ದೆ ಎಷ್ಟಿತ್ತು, ಬೆಳಗ್ಗೆ ಎದ್ದಾಗ ದಣಿವು ಇಳಿದಿತ್ತೇ ಎಂಬವೆಲ್ಲ ಅದರಲ್ಲಿ ಸೇರುತ್ತವೆ. ಒತ್ತಡ ನಿದ್ದೆಯನ್ನು ಕೆಡಿಸುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಎಂಥ ಒತ್ತಡ ಹೆಚ್ಚು ಕೆಡಿಸುತ್ತದೆ, ಯಾವ ದಾರಿಯಿಂದ ಕೆಡಿಸುತ್ತದೆ, ಅದರ ಪರಿಹಾರ ಯಾರ ಹೊಣೆ ಎಂಬ ಪ್ರಶ್ನೆಗಳು ಅಷ್ಟು ಸುಲಭವಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯನ್ನೂ ಅದರ ಸುತ್ತಲಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಒಣಸೀಮೆಯನ್ನೂ ಮುಂದಿಟ್ಟುಕೊಂಡು ಈ ಲೇಖನ ಒಂದು ವಾದವನ್ನು ಮಂಡಿಸುತ್ತದೆ: ನಿದ್ದೆಯನ್ನು ಹೆಚ್ಚಾಗಿ ಹಾಳುಮಾಡುವುದು ಯಾವಾಗ ಎರಗುತ್ತದೋ ತಿಳಿಯದ, ತಡೆಯಲು ಕೈಯಲ್ಲಾಗದ ಕಷ್ಟ. ಆದ್ದರಿಂದ ನಿದ್ದೆಯ ಆರೋಗ್ಯ ವ್ಯಕ್ತಿಯ ಅಭ್ಯಾಸಕ್ಕೆ ಸಂಬಂಧಿಸಿದಷ್ಟೇ ಆ ಊರಿನ ನೀರು, ಕರೆಂಟು, ಸಾಲ, ಕೂಲಿಗಳ ವ್ಯವಸ್ಥೆಗೂ ಸಂಬಂಧಿಸಿದ ವಿಷಯ.

ನಿದ್ದೆಯ ರಚನೆ ಮತ್ತು ಅಳತೆ

ಆರೋಗ್ಯವಂತ ವಯಸ್ಕರ ನಿದ್ದೆ ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗಿ, ಎತ್ತರವಾಗಿ ಏಳುವ ಗಾಢನಿದ್ದೆ ಹೆಚ್ಚು. ಬೆಳಗಿನ ಜಾವದ ಕಡೆಗೆ ಕಣ್ಣುಗುಡ್ಡೆಗಳು ರೆಪ್ಪೆಯಡಿಯಲ್ಲಿ ವೇಗವಾಗಿ ಚಲಿಸುವ, ಕನಸುಗಳು ದಟ್ಟವಾಗಿರುವ ನಿದ್ದೆ ಹೆಚ್ಚು. ಈ ಎರಡನೆಯ ಬಗೆಯನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೆಥಾನಿಯಲ್ ಕ್ಲೈಟ್‌ಮನ್ ಗುರುತಿಸಿದ ಮೇಲೆ ನಿದ್ದೆಯನ್ನು ಬರೀ ವಿಶ್ರಾಂತಿ ಎಂದು ನೋಡುವ ಕಾಲ ಮುಗಿಯಿತು. 1982ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್‌ಬೆಲಿ ನಿದ್ದೆಯನ್ನು ನಡೆಸುವ ಎರಡು ಶಕ್ತಿಗಳ ಮಾದರಿಯನ್ನು ಮುಂದಿಟ್ಟರು. ಎಚ್ಚರವಿದ್ದಷ್ಟು ಹೊತ್ತೂ ಬೆಳೆಯುತ್ತ ಹೋಗುವ ನಿದ್ದೆಯ ಒತ್ತಾಯ ಒಂದು, ಬೆಳಕು-ಕತ್ತಲೆಗೆ ಹೊಂದಿಕೊಂಡ ದೇಹದ ಗಡಿಯಾರ ಇನ್ನೊಂದು. ಈ ಎರಡೂ ಕೂಡಿದಾಗ ಒಳ್ಳೆಯ ನಿದ್ದೆ ಬರಬೇಕು. ಆದರೆ ದಿನವಿಡೀ ದುಡಿದು, ಕತ್ತಲಾದ ಮೇಲೆ ಮಲಗಿದವರಿಗೂ ಕಣ್ಣು ಹತ್ತದೆ ಇರುವುದುಂಟು. ಇವೆರಡರ ಜೊತೆಗೆ ಮೂರನೆಯದೊಂದು ಶಕ್ತಿ, ಅಂದರೆ ದೇಹದ ಎಚ್ಚರದ ಮಟ್ಟ, ಅಡ್ಡ ನಿಂತಿರುತ್ತದೆ ಎಂದು ಒಪ್ಪದೆ ಇದನ್ನು ವಿವರಿಸಲಾಗದು. ಒತ್ತಡ ಕೆಲಸ ಮಾಡುವುದು ಇಲ್ಲಿಯೇ.

ನಿದ್ದೆಯ ಗುಣಮಟ್ಟವನ್ನು ಅಳೆಯಲು ಮೂರು ಮುಖ್ಯ ಮಾರ್ಗಗಳಿವೆ. ಪ್ರಯೋಗಾಲಯದಲ್ಲಿ ಮಲಗಿಸಿ ಮಿದುಳು, ಕಣ್ಣು, ಸ್ನಾಯು, ಉಸಿರಾಟಗಳನ್ನು ರಾತ್ರಿಯಿಡೀ ದಾಖಲಿಸುವುದು ಅತ್ಯಂತ ನಿಖರ. ಕೈಗೆ ಗಡಿಯಾರದಂತೆ ಕಟ್ಟುವ ಚಲನೆಮಾಪಕ ಮನೆಯಲ್ಲಿಯೇ ವಾರಗಟ್ಟಲೆ ಅಳೆಯಲು ಅನುಕೂಲ. ಮಲಗಿದವರನ್ನೇ ಕೇಳುವುದು ಮೂರನೆಯದು. 1989ರಲ್ಲಿ ರೂಪುಗೊಂಡ ಪಿಟ್ಸ್‌ಬರ್ಗ್ ಪ್ರಶ್ನಾವಳಿ ಇದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೂರರ ಫಲಿತಾಂಶಗಳೂ ಸದಾ ಒಂದಕ್ಕೊಂದು ಹೊಂದುವುದಿಲ್ಲ. ಆರು ಗಂಟೆ ಮಲಗಿದ್ದೇ ಸಾಕು ಎನ್ನುವವರೂ, ಎಂಟು ಗಂಟೆ ಮಲಗಿಯೂ ರೆಪ್ಪೆ ಮುಚ್ಚಿದ ನೆನಪಿಲ್ಲ ಎನ್ನುವವರೂ ಇದ್ದಾರೆ. ಈ ಎರಡನೆಯವರ ದೂರನ್ನು ಭ್ರಮೆ ಎಂದು ತಳ್ಳಿಹಾಕುವುದು ತಪ್ಪು. ಮಿದುಳಿನ ಕೆಲವು ಭಾಗಗಳು ನಿದ್ದೆಯಲ್ಲೂ ಎಚ್ಚರದ ಚಟುವಟಿಕೆಯನ್ನು ಉಳಿಸಿಕೊಂಡಿರುತ್ತವೆ ಎಂಬುದಕ್ಕೆ 2004ರಿಂದೀಚೆಗೆ ಮಿದುಳು ಚಿತ್ರಣದ ಪುರಾವೆಗಳು ದೊರೆತಿವೆ.

ಒತ್ತಡ ದೇಹದೊಳಗೆ ನಡೆಸುವ ಕೆಲಸ

ಅಪಾಯದ ಸುಳಿವು ಸಿಕ್ಕ ಕೂಡಲೇ ದೇಹದಲ್ಲಿ ಎರಡು ವ್ಯವಸ್ಥೆಗಳು ಎಚ್ಚೆತ್ತುಕೊಳ್ಳುತ್ತವೆ. ಮೊದಲನೆಯದು ನರಗಳ ಮೂಲಕ ಕ್ಷಣದಲ್ಲಿ ಕೆಲಸ ಮಾಡುತ್ತದೆ: ಅಡ್ರಿನಲಿನ್, ನಾರಡ್ರಿನಲಿನ್ ಏರುತ್ತವೆ, ಎದೆಬಡಿತ ಹೆಚ್ಚುತ್ತದೆ, ಸ್ನಾಯು ಬಿಗಿಯುತ್ತದೆ. ಎರಡನೆಯದು ಕೊಂಚ ನಿಧಾನ. ಹೈಪೊಥಲಮಸ್‌ನಿಂದ ಪಿಟ್ಯೂಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಸಾಗಿ, ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಕಾರ್ಟಿಸಾಲ್ ಕೆಟ್ಟ ವಸ್ತುವಲ್ಲ. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಅದು ತುತ್ತತುದಿ ಮುಟ್ಟಿ ದಿನದ ಕೆಲಸಕ್ಕೆ ದೇಹವನ್ನು ಸಜ್ಜುಮಾಡುತ್ತದೆ. ನಡುರಾತ್ರಿಯ ಹೊತ್ತಿಗೆ ತಳಕ್ಕಿಳಿದು ಗಾಢನಿದ್ದೆಗೆ ದಾರಿ ಬಿಡುತ್ತದೆ. ರಾತ್ರಿಯ ಎರಡನೆಯ ಭಾಗದಲ್ಲಿ ಮತ್ತೆ ಏರತೊಡಗುತ್ತದೆ. ಒತ್ತಡದಲ್ಲಿರುವವರಲ್ಲಿ ಸಂಜೆ ಇಳಿಯಬೇಕಾದ ಈ ಹಾರ್ಮೋನು ಇಳಿಯಲು ತಡಮಾಡುತ್ತದೆ. ದೀರ್ಘಕಾಲದ ನಿದ್ರಾಹೀನತೆಯಿಂದ ಬಳಲುವವರಲ್ಲಿ ಸಂಜೆ ಮತ್ತು ರಾತ್ರಿಯ ಮೊದಲ ಭಾಗದಲ್ಲಿ ಕಾರ್ಟಿಸಾಲ್ ಹೆಚ್ಚಿರುವುದನ್ನು ಅಲೆಕ್ಸಾಂಡ್ರೊಸ್ ವ್‌ಗೊಂಟ್ಜಸ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಗಾಢನಿದ್ದೆ ಹೆಚ್ಚಾಗಿರಬೇಕಾದ ಹೊತ್ತು ಅದೇ. ಹೀಗಾಗಿ ಒತ್ತಡದ ಮೊದಲ ಪೆಟ್ಟು ಬೀಳುವುದು ದೇಹದ ದಣಿವನ್ನು ಕಳೆಯುವ ನಿದ್ದೆಯ ಮೇಲೆ. ಕನಸಿನ ನಿದ್ದೆಗೆ ಮಿದುಳಿನಲ್ಲಿ ನಾರಡ್ರಿನಲಿನ್ ಬಹುಮಟ್ಟಿಗೆ ತಣ್ಣಗಾಗಬೇಕು. ಅದು ತಣ್ಣಗಾಗದಿದ್ದರೆ ಬೆಳಗಿನ ಜಾವ ಮೂರು-ನಾಲ್ಕು ಗಂಟೆಗೆ ಎಚ್ಚರವಾಗಿ ಮತ್ತೆ ಕಣ್ಣು ಹತ್ತುವುದಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಇದೇ ವಿಷಯದ ಬಗ್ಗೆ ಒಂದು ಸ್ಪಷ್ಟ ನಿಲುವನ್ನು ತಾಳಿದೆ. ಸುತ್ತಲಿನ ಗದ್ದಲಕ್ಕಿಂತ ಒಳಗಿನ ಚಿಂತೆ ನಿದ್ದೆಗೆ ದೊಡ್ಡ ಶತ್ರು ಎಂದು ಅದು ಹೇಳುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನವೂ ಅತಿನಿದ್ದೆಯನ್ನು ಓಡಿಸುವ ಸಂಗತಿಗಳ ಪಟ್ಟಿಯಲ್ಲಿ ಭಯ, ಚಿಂತೆ, ಕ್ರೋಧಗಳನ್ನು ಸೇರಿಸಿದೆ. ಈ ತಿಳಿವಳಿಕೆಯನ್ನು ಪ್ರಯೋಗ ಒರೆಗೆ ಹಚ್ಚಿದ್ದು 1982ರಲ್ಲಿ. ರಿಚರ್ಡ್ ಗ್ರಾಸ್ ಮತ್ತು ಥಾಮಸ್ ಬೋರ್ಕೊವೆಕ್ ಹಗಲು ಹೊತ್ತಿನಲ್ಲಿ ಮಲಗಲು ಬಂದವರಲ್ಲಿ ಕೆಲವರಿಗೆ, ಎದ್ದ ಮೇಲೆ ನೀವು ಭಾಷಣ ಮಾಡಬೇಕು ಎಂದು ತಿಳಿಸಿದರು. ಹಾಸಿಗೆ, ಕೋಣೆ, ಹೊತ್ತು ಎಲ್ಲವೂ ಒಂದೇ ಆಗಿದ್ದರೂ ಆ ಮಾತು ಕೇಳಿದವರಿಗೆ ಕಣ್ಣು ಹತ್ತಲು ಹೆಚ್ಚು ಹೊತ್ತು ಹಿಡಿಯಿತು. ಸ್ವೀಡನ್ನಿನ ಗೋರಾನ್ ಕೆಕ್‌ಲುಂಡ್ ಮತ್ತು ಟೋರ್‌ಬ್ಯೋರ್ನ್ ಓಕರ್‌ಸ್ಟೆಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಳಿನ ಕೆಲಸದ ಬಗ್ಗೆ ಅಳುಕಿದ್ದವರ ಗಾಢನಿದ್ದೆ ಕಡಿಮೆಯಿತ್ತು. ಕಷ್ಟ ಇನ್ನೂ ಬಂದೇ ಇಲ್ಲ, ಬರಬಹುದೆಂಬ ನಿರೀಕ್ಷೆಯೊಂದೇ ನಿದ್ದೆಯ ರಚನೆಯನ್ನು ಬದಲಿಸಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಎಂಥ ಒತ್ತಡ ಹೆಚ್ಚು ಕೆಡಿಸುತ್ತದೆ

ಎಲ್ಲ ಒತ್ತಡವೂ ಒಂದೇ ತೂಕದ್ದಲ್ಲ. ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ 2004ರಲ್ಲಿ 208 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಕಾರ್ಟಿಸಾಲ್ ಅತಿ ಹೆಚ್ಚು ಏರುವುದು ಎರಡು ಅಂಶಗಳು ಕೂಡಿದಾಗ ಎಂದು ಕಂಡುಕೊಂಡರು: ಫಲಿತಾಂಶ ತನ್ನ ಹತೋಟಿಯಲ್ಲಿಲ್ಲ ಎಂಬುದು ಒಂದು, ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ ಎಂಬ ಭಯ ಇನ್ನೊಂದು. ಇಲಿಗಳ ಮೇಲೆ 1970ರ ಸುಮಾರಿಗೆ ಜೇ ವೈಸ್ ನಡೆಸಿದ ಪ್ರಯೋಗಗಳಲ್ಲಿ, ವಿದ್ಯುತ್ ಆಘಾತಕ್ಕೆ ಮುಂಚೆ ಎಚ್ಚರಿಕೆಯ ಸದ್ದು ಕೇಳುತ್ತಿದ್ದ ಇಲಿಗಳಿಗೆ, ಸದ್ದಿಲ್ಲದೆ ಅಷ್ಟೇ ಆಘಾತ ಉಂಡ ಇಲಿಗಳಿಗಿಂತ ಹೊಟ್ಟೆಯ ಹುಣ್ಣು ಕಡಿಮೆಯಾಗಿತ್ತು. ಯಾವ ಹೊತ್ತು ಸುರಕ್ಷಿತ ಎಂದು ತಿಳಿದಿದ್ದರಿಂದ ಅವು ಆ ಹೊತ್ತಿನಲ್ಲಾದರೂ ವಿಶ್ರಮಿಸುತ್ತಿದ್ದವು. ಲ್ಯಾರಿ ಸ್ಯಾನ್‌ಫರ್ಡ್ ಅವರ ತಂಡ ನಿದ್ದೆಯನ್ನೇ ಅಳೆದಾಗ, ತಾವೇ ನಿಲ್ಲಿಸಬಲ್ಲ ಆಘಾತವನ್ನು ಎದುರಿಸಿದ ಚಿಟ್ಟಿಲಿಗಳಲ್ಲಿ ಕನಸಿನ ನಿದ್ದೆ ಹೆಚ್ಚಿತು, ನಿಲ್ಲಿಸಲಾಗದ ಆಘಾತಕ್ಕೆ ಸಿಕ್ಕವುಗಳಲ್ಲಿ ಕುಗ್ಗಿತು. ಪ್ರಾಣಿಗಳ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು ನಿಜ. ಆದರೆ ಮನುಷ್ಯರ ಮೇಲಿನ ಪ್ರಯೋಗಗಳೂ ಅದೇ ದಿಕ್ಕಿಗೆ ಬೆರಳು ತೋರಿಸುವುದರಿಂದ ತೀರ್ಮಾನಕ್ಕೆ ಬಲ ಬರುತ್ತದೆ. ಒಂದೇ ತೂಕದ ಹೊರೆಯಾದರೂ, ಅದು ಯಾವಾಗ ಬರುತ್ತದೆಂದು ಗೊತ್ತಿದ್ದು, ಅದನ್ನು ಇಳಿಸುವ ಉಪಾಯ ತನ್ನ ಕೈಯಲ್ಲಿದ್ದರೆ ನಿದ್ದೆ ಹೆಚ್ಚು ಕೆಡುವುದಿಲ್ಲ.

ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವೂ ಇದೆ. ಒಂದೇ ಚಿಂತೆಗೆ ಒಬ್ಬರ ನಿದ್ದೆ ಹಾರಿಹೋಗುತ್ತದೆ, ಇನ್ನೊಬ್ಬರ ನಿದ್ದೆ ಅಲುಗುವುದಿಲ್ಲ. ಕ್ರಿಸ್ಟೊಫರ್ ಡ್ರೇಕ್ 2004ರಲ್ಲಿ ಈ ಗುಣವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಒತ್ತಡಕ್ಕೆ ಬೇಗ ನಿದ್ದೆಗೆಡುವವರಲ್ಲಿ ಮುಂದೆ ನಿದ್ರಾಹೀನತೆ ಬೇರೂರುವ ಸಾಧ್ಯತೆ ಹೆಚ್ಚು. ಈ ಗುಣ ಭಾಗಶಃ ವಂಶದಿಂದ ಬರುತ್ತದೆ, ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ. 2006ರ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ನಿದ್ರಾಹೀನತೆಯ ಸಂಭವ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 1.4 ಪಟ್ಟು. ಇದಕ್ಕೆ ದೇಹದ ಕಾರಣಗಳ ಜೊತೆಗೆ, ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮುಂಚೆ ಏಳಬೇಕಾದ, ರಾತ್ರಿ ಮಗುವಿನ ಅಳುವಿಗೂ ಮುದುಕರ ಕೆಮ್ಮಿಗೂ ಕಿವಿ ತೆರೆದೇ ಇರಬೇಕಾದ ಬದುಕೂ ಸೇರಿದೆ.

ತಿರುಮಣಿ ಸೀಮೆ: ಅನಿಶ್ಚಿತತೆಯ ಮೂರು ಮೂಲಗಳು

ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಹೆಚ್ಚಿನ ಭಾಗ ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ನಾಡಿನಲ್ಲಿ ಸದಾ ಹರಿಯುವ ನದಿಯಿಲ್ಲ. ಮಳೆಯನ್ನೇ ನಂಬಿದ ಕಡಲೆಕಾಯಿ ಇಲ್ಲಿನ ಹಳೆಯ ಬೆಳೆ. ದಶಕಗಳಿಂದ ಪದೇ ಪದೇ ಬರಪೀಡಿತವೆಂದು ಘೋಷಿತವಾದ ತಾಲ್ಲೂಕು ಇದು. ಕುಡಿಯುವ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದೂ, ದುಡಿಮೆಗಾಗಿ ಜನ ಬೆಂಗಳೂರಿನ ಕಡೆಗೆ ಗುಳೆ ಹೋಗುವುದೂ ಇಲ್ಲಿನ ದೀರ್ಘಕಾಲದ ಸಂಕಟಗಳು. ಇಂಥ ಕಡೆ ರೈತನ ಮೊದಲ ಅನಿಶ್ಚಿತತೆ ಮಳೆ. ಬಿತ್ತನೆ ಬೀಜಕ್ಕೆ ಹಣ ಸುರಿದು ಮೋಡ ನೋಡುತ್ತ ಕೂರುವ ವಾರಗಳಲ್ಲಿ ಮಾಡಬಹುದಾದ ಕೆಲಸ ಏನೂ ಉಳಿದಿರುವುದಿಲ್ಲ. ಕೊಳವೆಬಾವಿ ಕೊರೆಸಿದರೆ ನೀರು ಸಿಗುತ್ತದೆಯೋ ಇಲ್ಲವೋ, ಸಿಕ್ಕರೂ ಎಷ್ಟು ಬೇಸಿಗೆ ಉಳಿಯುತ್ತದೋ ಎಂಬುದೂ ಹಾಗೆಯೇ ಹತೋಟಿ ಮೀರಿದ ಸಂಗತಿ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅದೇ ರೈತರು ಕಟಾವಿನ ನಂತರ ಹಣ ಕೈಗೆ ಬಂದಾಗ ಮಾಡಿದ್ದಕ್ಕಿಂತ ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಯೋಚನಾಶಕ್ತಿಯ ಪರೀಕ್ಷೆಗಳನ್ನು ಕಳಪೆಯಾಗಿ ಮಾಡಿದರು. ಹಣದ ಚಿಂತೆ ಮನಸ್ಸಿನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ ಎಂಬ ಸಂಶೋಧಕರ ತೀರ್ಮಾನ ಹಗಲಿಗೆ ಸಂಬಂಧಿಸಿದ್ದು. ಆ ಚಿಂತೆ ಸಂಜೆಯಾದೊಡನೆ ಮನಸ್ಸಿನ ಜಾಗ ತೆರವು ಮಾಡಿ ಹೋಗುತ್ತದೆಂದು ನಂಬಲು ಕಾರಣವಿಲ್ಲ.

ಎರಡನೆಯದು ಕರೆಂಟು. ಕರ್ನಾಟಕದಲ್ಲಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಕೊಡುವುದು ಸರ್ಕಾರದ ನೀತಿ. 2023ರ ಬರದಲ್ಲಿ ಅದು ಐದು ಗಂಟೆಗೆ ಇಳಿದು ಮತ್ತೆ ಏಳಕ್ಕೆ ಬಂತು. ಈ ಗಂಟೆಗಳು ಹಗಲು-ರಾತ್ರಿಯ ಪಾಳಿಗಳಲ್ಲಿ ಹಂಚಿಹೋಗುವುದರಿಂದ ನೀರು ಹಾಯಿಸುವವರು ರಾತ್ರಿ ಎದ್ದು ಹೊಲಕ್ಕೆ ಹೋಗಬೇಕಾಗುತ್ತದೆ. ಹಾವು, ಕರಡಿ, ಚಿರತೆಗಳ ಭಯವಿರುವ ಬೆಟ್ಟದಂಚಿನ ಹೊಲಗಳಲ್ಲಿ ಇದು ಬರೀ ನಿದ್ದೆಗೇಡಿನ ಮಾತಲ್ಲ, ಜೀವದ ಮಾತು. ಪಾಳಿ ಗೊತ್ತಿದ್ದರೂ ಕರೆಂಟು ಸರಿಯಾಗಿ ಆ ಹೊತ್ತಿಗೇ ಬರುತ್ತದೆ, ನಡುವೆ ಹೋಗುವುದಿಲ್ಲ ಎಂಬ ಭರವಸೆಯಿಲ್ಲ. ಹೀಗೆ ಅರೆಗಿವಿಯಲ್ಲಿ ಮಲಗುವುದು ಏನು ಮಾಡುತ್ತದೆ ಎಂಬುದಕ್ಕೆ ದೂರದ ಕಡಲಿನಿಂದ ಒಂದು ಪುರಾವೆಯಿದೆ. ಹಡಗಿನ ಎಂಜಿನಿಯರುಗಳು ರಾತ್ರಿ ತುರ್ತು ಕರೆಗಂಟೆಗೆ ಏಳಬೇಕಾದ ಸರದಿಯಲ್ಲಿ ಹೇಗೆ ನಿದ್ರಿಸುತ್ತಾರೆ ಎಂದು ಲಾರ್ಸ್ ಟೋರ್ಸ್‌ವಾಲ್ ಮತ್ತು ಓಕರ್‌ಸ್ಟೆಟ್ ಮಿದುಳಿನ ಅಲೆಗಳನ್ನು ದಾಖಲಿಸಿ 1988ರಲ್ಲಿ ವರದಿ ಮಾಡಿದರು. ಆ ರಾತ್ರಿಗಳಲ್ಲಿ ಗಾಢನಿದ್ದೆ ಕುಗ್ಗಿತ್ತು. ಮೊದಲ ಗಂಟೆ ಬಾರಿಸುವ ಮುಂಚೆಯೇ ನಿದ್ದೆ ಕದಡಿತ್ತು. ಕರೆಂಟಿಗಾಗಿ ಕಾಯುವವರ ರಾತ್ರಿಯೂ ಇದೇ ಬಗೆಯದು. ಅವರು ಕಳೆದುಕೊಳ್ಳುವುದು ಎದ್ದು ಹೋದ ಎರಡು ಗಂಟೆಗಳನ್ನಷ್ಟೇ ಅಲ್ಲ, ಮಲಗಿದ್ದ ಗಂಟೆಗಳ ಸತ್ವವನ್ನೂ.

ಮೂರನೆಯದು ಸಾಲ. ಹೆಂಗಸರ ಗುಂಪುಗಳ ಮೂಲಕ ಸಿಗುವ, ವಾರಕ್ಕೊಮ್ಮೆ ಕಂತು ಕಟ್ಟಬೇಕಾದ ಕಿರುಸಾಲಗಳಲ್ಲಿ ಡಿಕರ್ಸನ್ ಮತ್ತು ಕೆಮೆನಿ ಹೇಳಿದ ಎರಡೂ ಅಂಶಗಳು ಕೂಡಿವೆ. ಕೂಲಿ ಸಿಗುವುದು ಕೈಯಲ್ಲಿಲ್ಲ. ಕಂತು ತಪ್ಪಿದರೆ ಗುಂಪಿನ ಉಳಿದ ಹೆಂಗಸರ ಮುಂದೆ, ಮನೆಬಾಗಿಲಲ್ಲಿ ನಿಂತ ವಸೂಲಿಗಾರರ ಮುಂದೆ ತಲೆ ತಗ್ಗಿಸಬೇಕು. ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟ, ಜೀವ ಕಳೆದುಕೊಂಡ ವರದಿಗಳು ರಾಜ್ಯದ ಹಲವೆಡೆ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಅದನ್ನು ಸಾಲಗಾರರ ರಕ್ಷಣೆಯ ಕ್ರಮವೆಂದು ಎಲ್ಲರೂ ಗುರುತಿಸಿದರು. ನಿದ್ದೆಯ ವಿಜ್ಞಾನದ ದೃಷ್ಟಿಯಿಂದ ಅದು ಆರೋಗ್ಯದ ಕ್ರಮವೂ ಹೌದು.

ಇದೇ ತಿರುಮಣಿಯಲ್ಲಿ ಅನಿಶ್ಚಿತತೆಯನ್ನು ಒಂದು ಮಟ್ಟಿಗೆ ಕಳೆದ ದೊಡ್ಡ ಬದಲಾವಣೆಯೂ ನಡೆದಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಶಕ್ತಿಸ್ಥಳ ಎಂಬ ಸೌರ ಉದ್ಯಾನ ತಲೆಯೆತ್ತಿತು. 2018ರ ಮಾರ್ಚ್ 1ರಂದು ಅದರ ಮೊದಲ ಹಂತ ಉದ್ಘಾಟನೆಯಾಯಿತು. 2019ರ ಕೊನೆಗೆ ಅದು 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಇಲ್ಲಿ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂಬುದು ಒಪ್ಪಂದ. ಮಳೆ ಬಂದರೂ ಬಾರದಿದ್ದರೂ ಕೈಸೇರುವ ಹಣ ಇದು. ಮೇಲೆ ಕಂಡ ಪುರಾವೆಗಳು ಸರಿಯಾಗಿದ್ದರೆ, ಜಮೀನುಳ್ಳವರ ರಾತ್ರಿಯ ಚಿಂತೆಗಳಲ್ಲಿ ಅತಿ ಹಳೆಯದೊಂದು ಇದರಿಂದ ಹಗುರವಾಗಿರಬೇಕು. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ, ಹೊಲದ ಕೂಲಿಯೂ ಉಳಿಯಲಿಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಒಂದೇ ಯೋಜನೆ ಒಂದು ಮನೆಗೆ ನಿಶ್ಚಿತತೆಯನ್ನೂ ಪಕ್ಕದ ಮನೆಗೆ ಹೊಸ ಅನಿಶ್ಚಿತತೆಯನ್ನೂ ತಂದಿತು. ಒತ್ತಡದ ಲೆಕ್ಕವನ್ನು ಊರಿನ ಸರಾಸರಿಯಲ್ಲಿ ನೋಡದೆ ಮನೆಮನೆಯ ಸ್ಥಿತಿಯಲ್ಲಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆಕ್ಷೇಪಗಳು

ಈ ವಾದಕ್ಕೆ ಮೊದಲ ಆಕ್ಷೇಪ: ಮೈಮುರಿದು ದುಡಿಯುವವರಿಗೆ ಮಲಗಿದ ಕೂಡಲೇ ನಿದ್ದೆ ಬರುತ್ತದೆ, ನಿದ್ದೆಗೇಡು ಪಟ್ಟಣದವರ ಕಾಯಿಲೆ. ಇದಕ್ಕೆ ಪುರಾವೆಯೂ ಇದೆ. ಟಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ತ್ಸಿಮಾನೆ ಸಮುದಾಯಗಳು ರಾತ್ರಿಗೆ 5.7ರಿಂದ 7.1 ಗಂಟೆ ಮಾತ್ರ ನಿದ್ರಿಸಿದರೂ ಅವರಲ್ಲಿ ನಿದ್ರಾಹೀನತೆಯ ದೂರು ಬಹಳ ವಿರಳ ಎಂದು 2015ರ ಅಧ್ಯಯನ ತಿಳಿಸಿತು. ಆಫ್ರಿಕ ಮತ್ತು ಏಷ್ಯಾದ ಎಂಟು ದೇಶಗಳ ಗ್ರಾಮೀಣ ಮತ್ತು ಹಿಂದುಳಿದ ಪ್ರದೇಶಗಳ ಹಿರಿಯರನ್ನು ಕುರಿತ 2012ರ ಅಧ್ಯಯನದಲ್ಲಿ ಪುಣೆ ಬಳಿಯ ವಡು ಪ್ರದೇಶದಲ್ಲಿ ತೀವ್ರ ನಿದ್ದೆಯ ತೊಂದರೆ ಹೇಳಿಕೊಂಡವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಅದೇ ಅಧ್ಯಯನದಲ್ಲಿ ಬಾಂಗ್ಲಾದೇಶದ ಗ್ರಾಮೀಣ ಹೆಂಗಸರಲ್ಲಿ ಹತ್ತಕ್ಕೆ ನಾಲ್ವರಿಗೂ ಮೀರಿ ಈ ತೊಂದರೆಯಿತ್ತು. ಖಿನ್ನತೆ ಮತ್ತು ಆತಂಕ ಇದ್ದವರಲ್ಲಿ ನಿದ್ದೆಗೇಡು ಎದ್ದು ಕಾಣುವಷ್ಟು ಹೆಚ್ಚಿತ್ತು. ಎರಡೂ ಹಳ್ಳಿಗಳೇ ಆದ ಮೇಲೆ ಹಳ್ಳಿಯ ಬದುಕೇ ನಿದ್ದೆಯನ್ನು ಕಾಯುತ್ತದೆ ಎನ್ನಲಾಗದು. ಬೇಟೆಯಾಡಿ ಬದುಕುವ ಸಮುದಾಯದವರಿಗೆ ಕಷ್ಟವಿಲ್ಲವೆಂದಲ್ಲ, ವಾರದ ಕಂತಿಲ್ಲ, ಒಣಗಿದ ಕೊಳವೆಬಾವಿಯ ಸಾಲವಿಲ್ಲ. ಇನ್ನು ದೈಹಿಕ ದಣಿವಿನ ಮಾತು. ದಣಿವು ಬೇಗ ಕಣ್ಣು ಹತ್ತಿಸುತ್ತದೆ ಎಂಬುದು ನಿಜ, ಆದರೆ ಆ ಒತ್ತಾಯ ರಾತ್ರಿಯ ಮೊದಲ ಭಾಗದಲ್ಲಿಯೇ ಬಹುಪಾಲು ಕರಗಿಹೋಗುತ್ತದೆ. ಕಾರ್ಟಿಸಾಲ್ ಏರತೊಡಗುವ ಎರಡನೆಯ ಭಾಗದಲ್ಲಿ ಚಿಂತೆಗೆ ಎದುರು ನಿಲ್ಲಲು ಏನೂ ಉಳಿದಿರುವುದಿಲ್ಲ. ಆದ್ದರಿಂದಲೇ ದುಡಿದು ದಣಿದವರು ಮಲಗಿದೊಡನೆ ನಿದ್ರಿಸಿ, ಕೋಳಿ ಕೂಗುವ ಮುಂಚೆಯೇ ಎಚ್ಚರಗೊಂಡು ಹೊರಳಾಡುವುದು.

ಎರಡನೆಯ ಆಕ್ಷೇಪ: ಬಡವರ ನಿದ್ದೆಯನ್ನು ಕೆಡಿಸುವುದು ಸೆಕೆ, ಸೊಳ್ಳೆ, ಇಕ್ಕಟ್ಟು, ಮೈಕೈ ನೋವು, ಮನಸ್ಸನ್ನು ಇದಕ್ಕೆ ಎಳೆದು ತರುವುದೇಕೆ? ತಿರುಮಣಿ ಸೀಮೆಯ ಬೇಸಿಗೆಯನ್ನೂ ಫ್ಲೋರೈಡಿನಿಂದ ಬಿಗಿಯುವ ಕೀಲುಗಳನ್ನೂ ಬಲ್ಲವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು. ನಿದ್ದೆ ಬರಲು ದೇಹದ ಒಳತಾಪ ಇಳಿಯಬೇಕು, ಸೆಕೆ ಅದನ್ನು ತಡೆಯುತ್ತದೆ. ಈ ಪ್ರಶ್ನೆಗೆ ಬಹಳ ಬೆಲೆಬಾಳುವ ಉತ್ತರ ಚೆನ್ನೈಯಿಂದ ಬಂದಿದೆ. ಕಡಿಮೆ ಆದಾಯದ ದುಡಿಮೆಗಾರರ ಕೈಗೆ ಚಲನೆಮಾಪಕ ಕಟ್ಟಿ ನಡೆಸಿ 2021ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ, ಅವರು ಸುಮಾರು 8 ಗಂಟೆ ಹಾಸಿಗೆಯಲ್ಲಿದ್ದರೂ ನಿದ್ರಿಸಿದ್ದು ಸುಮಾರು 5.5 ಗಂಟೆ. ಫ್ಯಾನು, ಮಂಚ, ಕಿವಿಗೆ ಮುಚ್ಚಳ ಮೊದಲಾದ ಅನುಕೂಲಗಳನ್ನೂ ಸಲಹೆ, ಪ್ರೋತ್ಸಾಹಧನಗಳನ್ನೂ ಕೊಟ್ಟಾಗ ನಿದ್ದೆ ರಾತ್ರಿಗೆ 27 ನಿಮಿಷ ಹೆಚ್ಚಿತು. ಆದರೆ ಅವರ ದುಡಿಮೆಯಲ್ಲಾಗಲಿ ಮನಸ್ಸಿನ ನೆಮ್ಮದಿಯಲ್ಲಾಗಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಅದೇ ಜನಕ್ಕೆ ಕೆಲಸದ ಜಾಗದಲ್ಲಿ ಶಾಂತವಾದ ಕಡೆ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಅವಕಾಶ ಕೊಟ್ಟಾಗ ಕೆಲಸವೂ ಮನಸ್ಸೂ ಸುಧಾರಿಸಿದವು. ಛಿದ್ರವಾದ ನಿದ್ದೆಗೆ ಇನ್ನಷ್ಟು ಛಿದ್ರ ನಿಮಿಷಗಳನ್ನು ಸೇರಿಸುವುದರಿಂದ ಪ್ರಯೋಜನ ಕಡಿಮೆ, ಯಾರೂ ಕರೆಯುವುದಿಲ್ಲ ಎಂಬ ಭರವಸೆಯ ಚಿಕ್ಕ ನಿದ್ದೆಯಿಂದ ಪ್ರಯೋಜನ ಹೆಚ್ಚು ಎಂದು ಇದನ್ನು ಓದಬಹುದು. ಸೆಕೆ, ಸೊಳ್ಳೆಗಳಿಗೂ ಒತ್ತಡಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ. ಸೊಳ್ಳೆ ಎಬ್ಬಿಸುತ್ತದೆ, ಎದ್ದ ಮೇಲೆ ಮತ್ತೆ ಮಲಗಗೊಡದಿರುವುದು ಚಿಂತೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ: ಒತ್ತಡ ನಿದ್ದೆಯನ್ನು ಕೆಡಿಸುತ್ತದೋ, ಕೆಟ್ಟ ನಿದ್ದೆಯೇ ಒತ್ತಡವನ್ನು ಹೆಚ್ಚಿಸುತ್ತದೋ? ಎರಡೂ ನಿಜ. 1999ರಲ್ಲಿ ಷಿಕಾಗೋದ ಈವ್ ವಾನ್ ಕೌಟರ್ ಅವರ ತಂಡ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಅವರ ಸಂಜೆಯ ಕಾರ್ಟಿಸಾಲ್ ಏರಿತು, ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗಿತು. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು, ಒಂದು ರಾತ್ರಿ ನಿದ್ದೆ ಬಿಟ್ಟವರ ಮಿದುಳಿನಲ್ಲಿ ಭಯಕ್ಕೆ ಪ್ರತಿಕ್ರಿಯಿಸುವ ಅಮಿಗ್ಡಲ ಎಂಬ ಭಾಗ ಸುಮಾರು ಶೇಕಡಾ 60ರಷ್ಟು ಹೆಚ್ಚು ಕೆರಳುವುದನ್ನೂ, ಅದನ್ನು ಹದ್ದುಬಸ್ತಿನಲ್ಲಿಡುವ ಮಿದುಳಿನ ಮುಂಭಾಗದೊಂದಿಗೆ ಅದರ ಸಂಪರ್ಕ ಸಡಿಲಗೊಳ್ಳುವುದನ್ನೂ ಕಂಡರು. ನಿದ್ರಾಹೀನತೆ ಇರುವವರಲ್ಲಿ ಮುಂದೆ ಖಿನ್ನತೆ ಬರುವ ಸಂಭವ ಸುಮಾರು ಎರಡು ಪಟ್ಟು ಎಂದು 2011ರ ಸಮಗ್ರ ವಿಶ್ಲೇಷಣೆ ಹೇಳುತ್ತದೆ. ಕಾರಣ ಎರಡೂ ಕಡೆಗೆ ಹರಿಯುವುದರಿಂದ ಮೂಲ ವಾದ ಮುರಿಯುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಮಳೆಯ ಚಿಂತೆಯಿಂದ ನಿದ್ದೆ ಕೆಟ್ಟವರು ಮಾರನೆಯ ದಿನ ಅದೇ ಚಿಂತೆಯನ್ನು ಹೆಚ್ಚು ಭಯದಿಂದ, ಕಡಿಮೆ ವಿವೇಚನೆಯಿಂದ ಎದುರಿಸುತ್ತಾರೆ. ಸಾಲ, ಬೆಳೆ, ಸಂಸಾರದ ದೊಡ್ಡ ತೀರ್ಮಾನಗಳನ್ನು ಅವರು ತೆಗೆದುಕೊಳ್ಳುವುದು ಈ ಸ್ಥಿತಿಯಲ್ಲಿಯೇ.

ಬೇರೂರುವ ನಿದ್ರಾಹೀನತೆ ಮತ್ತು ಚಿಕಿತ್ಸೆ

ಕಾರಣವೇ ಊರಿನ ಬದುಕಿನಲ್ಲಿದ್ದರೆ ಒಬ್ಬೊಬ್ಬರ ನಿದ್ದೆಗೆ ಚಿಕಿತ್ಸೆ ಕೊಡುವುದು ವ್ಯರ್ಥವಲ್ಲವೇ ಎಂದು ಇಲ್ಲಿ ಕೇಳಬಹುದು. ವ್ಯರ್ಥವಲ್ಲ. ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ನಿದ್ರಾಹೀನತೆಯ ಕಾರಣಗಳನ್ನು ಮೂರಾಗಿ ವಿಂಗಡಿಸಿದರು: ಹುಟ್ಟಿನಿಂದ ಬಂದ ಒಲವು, ಅದನ್ನು ಹೊತ್ತಿಸುವ ಘಟನೆ, ಆರದಂತೆ ಉಳಿಸುವ ಅಭ್ಯಾಸಗಳು. ಒತ್ತಡ ಹೊತ್ತಿಸುತ್ತದೆ. ಅನಂತರ ನಿದ್ದೆ ಬಾರದೆಂಬ ಭಯದಲ್ಲಿ ಬೇಗ ಮಲಗುವುದು, ಹಾಸಿಗೆಯಲ್ಲಿ ಹೊರಳಾಡುತ್ತ ಮೊಬೈಲು ನೋಡುವುದು, ಹೊತ್ತು ಎಣಿಸುವುದು, ಮದ್ಯದ ಮೊರೆಹೋಗುವುದು ಅದನ್ನು ಉಳಿಸುತ್ತವೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಮುಂದುವರಿದರೆ ಅದನ್ನು ಪ್ರತ್ಯೇಕ ಕಾಯಿಲೆಯಾಗಿಯೇ ಪರಿಗಣಿಸುತ್ತಾರೆ. ಆ ಹೊತ್ತಿಗೆ ಮೊದಲ ಕಾರಣ ಮಾಯವಾಗಿದ್ದರೂ ನಿದ್ದೆ ಮರಳುವುದಿಲ್ಲ. ಮದ್ಯ ಕಣ್ಣು ಮುಚ್ಚಿಸುತ್ತದೆ, ಆದರೆ ಅದರ ಅಮಲು ಇಳಿದಂತೆ ರಾತ್ರಿಯ ಎರಡನೆಯ ಭಾಗ ಚೂರುಚೂರಾಗುತ್ತದೆ. ನಿದ್ದೆ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ನುಂಗುತ್ತ ಹೋದರೆ ಅವು ಚಟವಾಗಬಹುದು. ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯೇ ಮೊದಲ ಆಯ್ಕೆಯಾಗಬೇಕೆಂದು 2016ರಲ್ಲಿ ಅಮೆರಿಕದ ವೈದ್ಯರ ಸಂಘ, 2017ರಲ್ಲಿ ಯುರೋಪಿನ ತಜ್ಞರು ಶಿಫಾರಸು ಮಾಡಿದರು. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಬರುವುದು, ಎಷ್ಟೇ ಕೆಟ್ಟ ರಾತ್ರಿಯಾದರೂ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯಲ್ಲಿನ ಸಮಯವನ್ನು ನಿಜವಾದ ನಿದ್ದೆಯಷ್ಟಕ್ಕೆ ಇಳಿಸಿ ನಿಧಾನವಾಗಿ ಹೆಚ್ಚಿಸುವುದು ಇದರ ತಿರುಳು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಸಲಕರಣೆ ಬೇಕಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಅಡಿಪಾಯವಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮನಸ್ಸಿನ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತುಮಕೂರು ಜಿಲ್ಲೆಯದೇ ಆದ ತುರುವೇಕೆರೆ ತಾಲ್ಲೂಕಿನಲ್ಲಿ ತೀವ್ರ ಮನೋರೋಗಿಗಳನ್ನು ಮನೆಬಾಗಿಲಲ್ಲೇ ಆರೈಕೆ ಮಾಡುವ ಕೆಲಸವನ್ನು ನಿಮ್ಹಾನ್ಸ್ ನಡೆಸಿದೆ. ನಿಮ್ಹಾನ್ಸಿನ ನಿದ್ದೆ ಪ್ರಯೋಗಾಲಯದಲ್ಲಿ ಬಿಂದು ಕುಟ್ಟಿ ಮತ್ತು ಸಂಗಡಿಗರು, ದೀರ್ಘಕಾಲ ವಿಪಶ್ಯನ ಧ್ಯಾನ ಮಾಡಿದವರಲ್ಲಿ ವಯಸ್ಸಾದರೂ ಗಾಢನಿದ್ದೆ ಹೆಚ್ಚು ಉಳಿದಿರುವುದನ್ನು 2010ರಲ್ಲಿ ವರದಿ ಮಾಡಿದರು. ವೃದ್ಧಾಶ್ರಮವೊಂದರಲ್ಲಿ ಬೆಂಗಳೂರಿನ ಸಂಶೋಧಕರು ಆರು ತಿಂಗಳು ಯೋಗ ಕಲಿಸಿ ನಡೆಸಿದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಿರಿಯರಿಗೆ ಬೇಗ ಕಣ್ಣು ಹತ್ತಿತು, ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿತು ಎಂದು ಅವರೇ ಹೇಳಿಕೊಂಡರು. ಧ್ಯಾನಕ್ಕೆ ಒಲಿದವರು ಮೊದಲೇ ಶಾಂತಸ್ವಭಾವದವರಾಗಿದ್ದಿರಬಹುದು ಎಂಬ ಸಂದೇಹಕ್ಕೆ ಮೊದಲ ಅಧ್ಯಯನದಲ್ಲಿ ಅವಕಾಶವಿದೆ, ಎರಡನೆಯದರಲ್ಲಿ ಅದು ಕಡಿಮೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು. ಆಸ್ಪತ್ರೆಗೆ ಹೋಗಲು ಮುಜುಗರಪಡುವವರಿಗೆ ಇದು ನಿಜವಾದ ಆಸರೆ, ಏಕೆಂದರೆ ಮನಸ್ಸು ಸರಿಯಿಲ್ಲ ಎನ್ನಲು ಹಿಂಜರಿಯುವವರೂ ನಿದ್ದೆ ಬರುತ್ತಿಲ್ಲ ಎನ್ನಲು ಹಿಂಜರಿಯುವುದಿಲ್ಲ.

ಆ ಒಂದು ಮಾತನ್ನೇ ಆರೋಗ್ಯ ವ್ಯವಸ್ಥೆ ಹಿಡಿದುಕೊಳ್ಳಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ರಕ್ತದೊತ್ತಡ, ಸಕ್ಕರೆಯ ಜೊತೆಗೆ ನಿದ್ದೆಯನ್ನೂ ವಿಚಾರಿಸಿದರೆ ಖಿನ್ನತೆ, ಆತಂಕಗಳು ತೀವ್ರವಾಗುವ ಮುಂಚೆಯೇ ಬೆಳಕಿಗೆ ಬರುತ್ತವೆ. ಬೇರೂರಿದ ನಿದ್ರಾಹೀನತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮಾತಿನ ಚಿಕಿತ್ಸೆ ಸಿಗುವಂತಾಗಬೇಕು. ಆದರೆ ಹೊಸದಾಗಿ ನಿದ್ದೆಗೆಡುವವರ ಸಂಖ್ಯೆ ಕಡಿಮೆಯಾಗಬೇಕಾದರೆ ಆಸ್ಪತ್ರೆಯ ಆಚೆಗೆ ನೋಡಲೇಬೇಕು. ಪಂಪ್‌ಸೆಟ್ಟಿಗೆ ಹಗಲಿನಲ್ಲಿಯೇ, ಹೇಳಿದ ಹೊತ್ತಿಗೆ ಕರೆಂಟು ಕೊಡುವುದು ಅತ್ಯಂತ ನೇರವಾದ ನಿದ್ದೆಯ ಚಿಕಿತ್ಸೆ. ಹಗಲಿನ ಬಿಸಿಲನ್ನೇ ವಿದ್ಯುತ್ತಾಗಿಸುವ ನೆಲದಲ್ಲಿ ಅದನ್ನು ಕೇಳುವ ಹಕ್ಕು ತಿರುಮಣಿ ಸೀಮೆಯ ರೈತರಿಗೆ ಬೇರೆ ಯಾರಿಗಿಂತಲೂ ಹೆಚ್ಚು. ಬೆಳೆವಿಮೆಯ ಹಣ ಬರುವ ದಿನ ತಿಳಿದಿರುವುದು, ಸಾಲದ ಕಂತು ಸುಗ್ಗಿಗೆ ಹೊಂದಿರುವುದು, ಜಮೀನಿಲ್ಲದವರಿಗೆ ವರ್ಷದಲ್ಲಿ ಇಷ್ಟು ದಿನ ಕೂಲಿ ಖಂಡಿತ ಎಂಬ ಭರವಸೆ ಇರುವುದು ಇವೆಲ್ಲ ಬಡತನವನ್ನು ಒಂದೇ ಏಟಿಗೆ ನೀಗಿಸುವುದಿಲ್ಲ. ಆದರೆ ಯಾವಾಗ ಏನಾಗುತ್ತದೋ ಎಂಬ ಕಾಯುವಿಕೆಯನ್ನು ಕಡಿಮೆ ಮಾಡುತ್ತವೆ. ಪ್ರಯೋಗಾಲಯದ ಪುರಾವೆಗಳು ಒಟ್ಟಾಗಿ ಹೇಳುವಂತೆ ನಿದ್ದೆಯನ್ನು ಒಳಗಿನಿಂದ ಕೊರೆಯುವುದು ಆ ಕಾಯುವಿಕೆಯೇ. ಒಂದು ಊರಿನ ಯೋಜನೆಗಳು ಸಾರ್ಥಕವಾದವೇ ಎಂದು ಅಳೆಯುವಾಗ ಎಷ್ಟು ಮೆಗಾವಾಟ್, ಎಷ್ಟು ಎಕರೆ, ಎಷ್ಟು ರೂಪಾಯಿ ಎಂಬುದರ ಜೊತೆಗೆ ಅಲ್ಲಿನ ಜನ ನೆಮ್ಮದಿಯಾಗಿ ಮಲಗುತ್ತಾರೆಯೇ ಎಂದೂ ಕೇಳುವುದು ನ್ಯಾಯ. ಆ ಪ್ರಶ್ನೆಗೆ ಉತ್ತರವನ್ನು ಅಳೆಯಬಹುದು, ಹೋಲಿಸಬಹುದು, ಸುಧಾರಿಸಲೂಬಹುದು.